ಫಾರ್ಮಾಲ್ಡಿಹೈಡ್ ರೀಡಿಂಗ್ ದಿನಕ್ಕೊಂದು ಥರ, ವಿಒಸಿ ಮಾತ್ರ ಸರಿಯಾಗಿದೆ. ಎಲ್ಲಿ ಹುಡುಕಲಿ?

ಗಾಳಿಗೂಡು:

ಎಲ್ಲರಿಗೂ ನಮಸ್ಕಾರ. ಪಾರ್ಟಿಕಲ್ ಬೋರ್ಡಿನಿಂದ ಎಷ್ಟು ಫಾರ್ಮಾಲ್ಡಿಹೈಡ್, ಎಷ್ಟು ವಿಒಸಿ (ಸುಲಭವಾಗಿ ಆವಿಯಾಗುವ ಸಾವಯವ ರಾಸಾಯನಿಕಗಳು) ಹೊರಬರುತ್ತದೆ ಅಂತ ಚೇಂಬರಿನಲ್ಲಿಟ್ಟು ನೋಡುತ್ತಿದ್ದೇವೆ. ವಿಒಸಿ ಬಗ್ಗೆ ತಕರಾರಿಲ್ಲ. ಫಾರ್ಮಾಲ್ಡಿಹೈಡ್ ಮಾತ್ರ ತಲೆ ತಿನ್ನುತ್ತಿದೆ.

ಸೆಟಪ್ ಹೇಳಿಬಿಡುತ್ತೇನೆ. 100 ಲೀಟರಿನ ಸ್ಟೀಲ್ ಚೇಂಬರ್. ವಿಧಾನ ಇಎನ್ 16516 ಎಂಬ ಯುರೋಪಿಯನ್ ಮಾನದಂಡದ್ದು. ಉಷ್ಣತೆ 23 ಡಿಗ್ರಿ, ತೇವಾಂಶ ಶೇ. 50, ಗಂಟೆಗೆ 0.5 ಸಲ ಗಾಳಿ ಬದಲಾಗುತ್ತದೆ. ಬೋರ್ಡಿನ ತುಂಡು 30 ಸೆಂ.ಮೀ. ಚೌಕ. ಎರಡೂ ಮುಖ ತೆರೆದಿದೆ, ಅಂಚಿಗೆಲ್ಲ ಅಲ್ಯೂಮಿನಿಯಂ ಟೇಪ್ ಹಾಕಿದ್ದೇವೆ. ಅಲ್ಲಿಗೆ ಲೋಡಿಂಗ್, ಅಂದ್ರೆ ಚೇಂಬರಿನ ಗಾತ್ರಕ್ಕೆ ಎಷ್ಟು ಬೋರ್ಡ್ ಅನ್ನೋದು, ಘನ ಮೀಟರಿಗೆ 1.8 ಚದರ ಮೀಟರ್ ಆಯಿತು. ಹೊರಹೋಗುವ ಪೈಪಿನಲ್ಲಿ ಒಂದು ಟೀ ಜಾಯಿಂಟ್ ಇದೆ, ಸ್ಯಾಂಪಲ್ ಅಲ್ಲಿಂದ ಎಳೆಯುತ್ತೇವೆ. ವಿಒಸಿಗೆ ಟೆನಾಕ್ಸ್ ಟ್ಯೂಬ್ (ಆವಿಯನ್ನು ಹೀರಿ ಹಿಡಿಯುವ ಪುಡಿ ತುಂಬಿದ್ದು). ಫಾರ್ಮಾಲ್ಡಿಹೈಡಿಗೆ ಡಿಎನ್‌ಪಿಎಚ್ ಕಾರ್ಟ್ರಿಡ್ಜ್ (ಫಾರ್ಮಾಲ್ಡಿಹೈಡ್ ಜೊತೆ ಕೂಡಿ ಅದನ್ನು ಹಿಡಿದಿಡುವ ರಾಸಾಯನಿಕ ಇರುವುದು), ಒಟ್ಟಿಗೇ ಎರಡು, ಒಂದೊಂದಕ್ಕೂ ಬೇರೆ ಪಂಪ್.

ಸಮಸ್ಯೆ ಏನಂದ್ರೆ, ಒಂದು ದಿನ ಘನ ಮೀಟರಿಗೆ 84 ಮೈಕ್ರೋಗ್ರಾಂ ಬಂತು. ಮರುದಿನ 94. ಅದರ ಮರುದಿನ 87. ಆದರೆ ಆಯಾ ದಿನದ ಎರಡು ಕಾರ್ಟ್ರಿಡ್ಜ್ ಒಂದಕ್ಕೊಂದು ತುಂಬಾ ಚೆನ್ನಾಗಿ ಹೊಂದುತ್ತವೆ. ಇನ್ನೊಂದು ತಲೆನೋವು: ಬೋರ್ಡ್ ಕೊಟ್ಟವರು ಕಳಿಸಿದ ರಿಪೋರ್ಟಿನಲ್ಲಿ 60 ಅಂತಿದೆ. ನಮ್ಮದು ಯಾಕೆ ಇಷ್ಟು ಜಾಸ್ತಿ?

ಕ್ಯಾಲಿಬ್ರೇಷನ್ ಮತ್ತೆ ಹಾಕಿ ನೋಡಿದೆವು, ಗೆರೆ ನೆಟ್ಟಗಿದೆ. ಖಾಲಿ ಚೇಂಬರಿನ ಬ್ಲ್ಯಾಂಕೂ ಕ್ಲೀನ್.

ಮರ_ಮತ್ತು_ಅಂಟು:

ಮೊದಲು ತೇವಾಂಶದ ಸೆನ್ಸರ್ ಮೇಲೆ ಅನುಮಾನ ಪಡಿ. ಇಂಥ ಬೋರ್ಡಿನ ಅಂಟು ಸಾಮಾನ್ಯವಾಗಿ ಯೂರಿಯಾ-ಫಾರ್ಮಾಲ್ಡಿಹೈಡ್. ನೀರಿನಂಶ ತಾಗಿದರೆ ಆ ಅಂಟು ನಿಧಾನಕ್ಕೆ ಒಡೆದು ಫಾರ್ಮಾಲ್ಡಿಹೈಡ್ ಬಿಡುತ್ತಾ ಹೋಗುತ್ತದೆ. ಉಷ್ಣತೆ ಏರಿದರೂ ಅದೇ ಕಥೆ. ಪರದೆ ಮೇಲೆ 50 ಅಂತ ತೋರಿಸಿದರೆ ಒಳಗೆ 50 ಇದೆ ಅಂತ ನಂಬಬೇಡಿ. ಅಂಚಿನ ಟೇಪೂ ಒಮ್ಮೆ ಬೆರಳಲ್ಲಿ ಒತ್ತಿ ನೋಡಿ. ಬೋರ್ಡಿನ ನಡುಭಾಗ ಸಡಿಲ ಇರುತ್ತದೆ. ಮುಖಕ್ಕಿಂತ ಅಂಚಿನಿಂದಲೇ ಗ್ಯಾಸ್ ಸಲೀಸಾಗಿ ಬರುತ್ತದೆ.

ಬೆಳ್ಳಿ_ಬೀಕರ್:

ಓಝೋನ್ ಇರಬಹುದಾ? ಡಿಎನ್‌ಪಿಎಚ್‌ಗೆ ಓಝೋನ್ ಕಂಡರಾಗದು. ಕಾರ್ಟ್ರಿಡ್ಜಿನ ಮುಂದೆ ಓಝೋನ್ ತೆಗೆಯುವ ಪೊಟ್ಯಾಸಿಯಂ ಅಯೊಡೈಡ್ ಸ್ಕ್ರಬ್ಬರ್ ಹಾಕಿ ನೋಡಿ.

ಗಾಳಿಗೂಡು:

ಇಬ್ಬರಿಗೂ ಥ್ಯಾಂಕ್ಸ್. ಬೇರೆ ಕ್ಯಾಲಿಬ್ರೇಟೆಡ್ ಸೆನ್ಸರ್ ಒಳಗಿಟ್ಟು ನೋಡಿದೆ, ಉಷ್ಣತೆ, ತೇವಾಂಶ ಎರಡೂ ಅಲುಗಾಡಿಲ್ಲ. ಟೇಪ್ ಗಟ್ಟಿಯಾಗಿದೆ. ಚೇಂಬರಿಗೆ ಹೋಗುವ ಗಾಳಿ ಆಕ್ಟಿವೇಟೆಡ್ ಕಾರ್ಬನ್ ದಾಟಿಯೇ ಹೋಗುತ್ತದೆ. ಹಾಗಾಗಿ ಓಝೋನ್ ಇರಲಾರದು ಅನ್ಸುತ್ತೆ.

ಶಿಖರ_ಲೆಕ್ಕ:

ಮೂರು ಪ್ರಶ್ನೆ ಇವೆ. ಬೋರ್ಡ್ ಕೊಟ್ಟವರ ರಿಪೋರ್ಟ್ ಯಾವ ವಿಧಾನದ್ದು? ಎಚ್‌ಪಿಎಲ್‌ಸಿಯಲ್ಲಿ (ಕಾರ್ಟ್ರಿಡ್ಜಿನಲ್ಲಿ ಸಿಕ್ಕಿದ್ದನ್ನು ಬೇರ್ಪಡಿಸಿ ಒಂದೊಂದಕ್ಕೂ ಒಂದು ಪೀಕ್ ತೋರಿಸುವ ಯಂತ್ರ) ಫಾರ್ಮಾಲ್ಡಿಹೈಡ್ ಪೀಕ್ ಬಿಟ್ಟು ಉಳಿದ ಪೀಕ್‌ಗಳು ಹೇಗಿವೆ? ಒಂದೊಂದು ಪಂಪು ನಿಮಿಷಕ್ಕೆ ಎಷ್ಟು ಎಳೆಯುತ್ತದೆ? ಬ್ಲ್ಯಾಂಕ್ ತೆಗೆಯುವಾಗಲೂ ಎರಡು ಕಾರ್ಟ್ರಿಡ್ಜ್ ಹಾಕಿದ್ರಾ ಅನ್ನೋದನ್ನೂ ಹೇಳಿ.

ಗಾಳಿಗೂಡು:

ರಿಪೋರ್ಟ್ ಇಎನ್ 717-1 ಪ್ರಕಾರ ಮಾಡಿದ್ದು, ಅದೂ ಚೇಂಬರ್ ವಿಧಾನವೇ. ಬೋರ್ಡಿಗೆ ಇ1 ದರ್ಜೆ (ಫಾರ್ಮಾಲ್ಡಿಹೈಡ್ ಕಮ್ಮಿ ಬಿಡುವ ಬೋರ್ಡಿನದ್ದು) ಅಂತ ಬರೆದಿದ್ದಾರೆ.

ಪೀಕ್ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ಮೊದಲು ಫಾರ್ಮಾಲ್ಡಿಹೈಡ್, ಆಮೇಲೆ ಅಸಿಟಾಲ್ಡಿಹೈಡ್, ಅದರ ನಂತರ ಅಸಿಟೋನ್ ಬರುತ್ತದಲ್ಲ, ಆ ಅಸಿಟೋನ್ ಪೀಕ್ ಎದ್ದು ಕಾಣುವಷ್ಟು ದೊಡ್ಡದಿದೆ. ಅದೂ ದಿನಕ್ಕೊಂದು ಎತ್ತರ. ಬೋರ್ಡಿನಿಂದಲೇ ಬರುತ್ತಿದೆ ಅಂತ ಅದರ ಕಡೆ ಯಾರೂ ಗಮನ ಕೊಟ್ಟಿರಲಿಲ್ಲ.

ಪಂಪು ಒಂದೊಂದೂ ನಿಮಿಷಕ್ಕೆ 0.6 ಲೀಟರ್, 60 ನಿಮಿಷ. ಈ ಎಸ್‌ಒಪಿ (ಲ್ಯಾಬಿನ ಲಿಖಿತ ಕಾರ್ಯವಿಧಾನ) ನಮ್ಮ ದೊಡ್ಡ ಚೇಂಬರಿನ ಕಾಲದ್ದು, 1 ಘನ ಮೀಟರಿನದ್ದು. ಬ್ಲ್ಯಾಂಕಿಗೆ ಒಂದೇ ಕಾರ್ಟ್ರಿಡ್ಜ್.

ಶಿಖರ_ಲೆಕ್ಕ:

ಸಿಕ್ಕಿತು ಅನ್ಸುತ್ತೆ. ಆದರೆ ಮೊದಲು ಒಂದು ವಿಷಯ ಹೇಳಬೇಕು. ನಿಮ್ಮ ರೀಡಿಂಗ್ ಜಾಸ್ತಿ ಬರುತ್ತಿಲ್ಲ. ಕಮ್ಮಿ ಬರುತ್ತಿದೆ.

ಇಎನ್ 717-1ರಲ್ಲಿ ಲೋಡಿಂಗ್ 1, ಗಾಳಿ ಗಂಟೆಗೆ 1 ಸಲ ಬದಲಾಗುತ್ತದೆ, ತೇವಾಂಶ 45. ಅಂದ್ರೆ ಪ್ರತಿ ಚದರ ಮೀಟರ್ ಬೋರ್ಡಿಗೆ ಗಂಟೆಗೆ 1 ಘನ ಮೀಟರ್ ಗಾಳಿ ಸಿಗುತ್ತದೆ. ನಿಮ್ಮಲ್ಲಿ 0.5 ಅನ್ನು 1.8ರಿಂದ ಭಾಗಿಸಿ, ಸುಮಾರು 0.28. ಗಾಳಿ ಕಮ್ಮಿ, ಬೋರ್ಡ್ ಜಾಸ್ತಿ. ಹಾಗಾಗಿ ಅದೇ ಬೋರ್ಡ್ ನಿಮ್ಮ ಚೇಂಬರಿನಲ್ಲಿ 60ಕ್ಕಿಂತ ಎಷ್ಟೋ ಮೇಲೆ ತೋರಿಸಬೇಕು. ಹಾಗಂತ 3.6 ಪಟ್ಟು ಆಗುವುದಿಲ್ಲ. ಸುತ್ತಲಿನ ಗಾಳಿಯಲ್ಲಿ ಫಾರ್ಮಾಲ್ಡಿಹೈಡ್ ಹೆಚ್ಚಿದಷ್ಟೂ ಬೋರ್ಡ್ ಬಿಡುವುದು ಕಮ್ಮಿಯಾಗುತ್ತದೆ. ಜರ್ಮನಿಯಲ್ಲಿ 2020ರಿಂದ ಇಎನ್ 717-1ರ ಫಲಿತಾಂಶವನ್ನು 2ರಿಂದ ಗುಣಿಸಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಆ ಪ್ರಕಾರ ನಿಮ್ಮ ಬೋರ್ಡಿನದ್ದು 120ರ ಆಸುಪಾಸು ಇರಬೇಕು. ನಿಮಗೆ ಸಿಕ್ಕಿದ್ದು 84. ಉಳಿದದ್ದು ಎಲ್ಲಿ ಹೋಯಿತು ಅಂತ ಕೇಳಬೇಕು.

ಈಗ ಪಂಪಿಗೆ ಬನ್ನಿ. 100 ಲೀಟರ್ ಚೇಂಬರಿಗೆ ಗಂಟೆಗೆ 0.5 ಸಲ ಅಂದ್ರೆ ಗಂಟೆಗೆ 50 ಲೀಟರ್ ಗಾಳಿ, ಅಂದರೆ ನಿಮಿಷಕ್ಕೆ 0.83 ಲೀಟರ್. ಚೇಂಬರಿಗೆ ಬರುವುದೇ ಅಷ್ಟು. ನೀವು ಎಳೆಯುತ್ತಿರುವುದು 0.6 ಮತ್ತು 0.6, ಒಟ್ಟು 1.2. ಮಿಕ್ಕ 0.37 ಎಲ್ಲಿಂದ ಬರಬೇಕು? ಪೈಪಿನ ಬಾಯಿಂದ ಉಲ್ಟಾ ಬರುತ್ತದೆ. ಅಂದ್ರೆ ರೂಮಿನ ಗಾಳಿ ಟೀ ಜಾಯಿಂಟಿಗೆ ಬಂದು ನೇರ ಕಾರ್ಟ್ರಿಡ್ಜಿಗೆ. ನಿಮ್ಮ ಸ್ಯಾಂಪಲಿನಲ್ಲಿ ಸುಮಾರು ಶೇ. 30 ರೂಮಿನ ಗಾಳಿ.

ಈಗ ಎಲ್ಲ ಕೂಡಿ ಬರುತ್ತದೆ. ಟೆನಾಕ್ಸ್ ಟ್ಯೂಬ್ ನಿಮಿಷಕ್ಕೆ 100 ಮಿ.ಲೀ. ಎಳೆದರೆ ಏನೂ ಆಗಲ್ಲ, ಅದಕ್ಕೇ ವಿಒಸಿ ಸರಿ. ಬ್ಲ್ಯಾಂಕಿಗೆ ಒಂದೇ ಪಂಪು, 0.6 ಮಾತ್ರ. ಅದು 0.83ರೊಳಗೇ ಇತ್ತು, ಅದಕ್ಕೇ ಕ್ಲೀನ್. ಜೋಡಿ ಕಾರ್ಟ್ರಿಡ್ಜ್ ಹೊಂದಿದ್ದೂ ಸಹಜ. ಎರಡೂ ಒಂದೇ ಬೆರಕೆ ಗಾಳಿಯನ್ನು ಎಳೆದಿವೆ. ತಪ್ಪು ಎರಡಕ್ಕೂ ಸಮನಾಗಿ ಬಿದ್ದರೆ ಜೋಡಿ ಸ್ಯಾಂಪಲ್ ಅದನ್ನು ಹಿಡಿದುಕೊಡಲ್ಲ. ಇದನ್ನು ಎಷ್ಟು ಜನ ಮರೆಯುತ್ತಾರೋ!

ಅಸಿಟೋನ್ ರೂಮಿನದ್ದೇ ಇರಬೇಕು. ಗಾಜಿನ ಸಾಮಾನು ತೊಳೆಯಲು ಅಸಿಟೋನ್ ಬಳಸುತ್ತೀರಾ? ಟೆನಾಕ್ಸಿನಲ್ಲಿ ಅದು ಕಾಣದಿದ್ದದ್ದು ಆಶ್ಚರ್ಯವಲ್ಲ. ಟೆನಾಕ್ಸ್ ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಟಿವಿಒಸಿ (ಒಟ್ಟು ವಿಒಸಿ) ಲೆಕ್ಕ ಶುರುವಾಗುವುದೂ ಹೆಕ್ಸೇನ್‌ನಿಂದ, ಅಸಿಟೋನ್ ಅದಕ್ಕಿಂತ ಮುಂಚೆಯೇ ಹೊರಬಂದಿರುತ್ತದೆ.

ದೊಡ್ಡ ಚೇಂಬರಿನಲ್ಲಿ ಇದೇ ಎಸ್‌ಒಪಿ ಚೆನ್ನಾಗಿ ನಡೆದಿರುತ್ತದೆ. ಅಲ್ಲಿ ನಿಮಿಷಕ್ಕೆ 8.3 ಲೀಟರ್ ಬರುತ್ತದೆ. 1.2 ಎಳೆದರೂ ಲೆಕ್ಕಕ್ಕಿಲ್ಲ.

ನನ್ನ ಮಾತು ನಂಬಬೇಡಿ, ನೋಡಿಬಿಡಿ. ಹೊರಹೋಗುವ ಪೈಪಿನ ಬಾಯಿಗೆ ಸೋಪಿನ ನೀರಿನ ಪೊರೆ ಮೆತ್ತಿ. ಮೊದಲು ಎರಡೂ ಪಂಪ್ ಆಫ್. ಆಮೇಲೆ ಒಂದು ಆನ್. ಆಮೇಲೆ ಇನ್ನೊಂದು.

ಗಾಳಿಗೂಡು:

ಮಾಡಿ ನೋಡಿದೆ. ಪಂಪ್ ಎರಡೂ ಆಫ್ ಇದ್ದಾಗ ಪೊರೆ ಹೊರಗೆ ಉಬ್ಬಿ ಒಡೆಯಿತು. ಮತ್ತೆ ಮೆತ್ತಿದೆ. ಒಂದು ಪಂಪ್ ಆನ್ ಮಾಡಿದಾಗ ಉಬ್ಬುವುದು ನಿಧಾನವಾಯಿತು, ಆದರೂ ಹೊರಗೇ. ಎರಡನೆಯದು ಆನ್ ಮಾಡಿದ್ದೇ ತಡ, ಪೊರೆ ತಟ್ಟನೆ ಒಳಕ್ಕೆ ಬಾಗಿ ಪೈಪಿನೊಳಗೆ ಜಾರಿಕೊಂಡು ಹೋಯಿತು. ಪಕ್ಕದಲ್ಲಿದ್ದವರನ್ನೂ ಕರೆದು ತೋರಿಸಿದೆ.

ಅಸಿಟೋನ್ ಹೌದು ಸರ್. ತೊಳೆಯುವ ಸಿಂಕ್ ಅದೇ ರೂಮಿನಲ್ಲಿದೆ.

ಮರ_ಮತ್ತು_ಅಂಟು:

ಆಹಾ! ನಾನು ಸುಮ್ನೆ ಸೆನ್ಸರ್ ಹಿಂದೆ ಬಿದ್ದಿದ್ದೆ. ಒಂದು ಅನುಮಾನ. ರೂಮಿನ ಗಾಳಿ ಸೇರಿದ್ದರೆ ರೀಡಿಂಗ್ ಕಮ್ಮಿಯಾಗಬೇಕು, ಒಪ್ಪಿದೆ. ಮರುದಿನ 84ರಿಂದ 94ಕ್ಕೆ ಏರಿದ್ದು ಹೇಗೆ?

ಶಿಖರ_ಲೆಕ್ಕ:

ರೂಮಿನ ಗಾಳಿಯಲ್ಲೂ ಫಾರ್ಮಾಲ್ಡಿಹೈಡ್ ಇರುತ್ತದಲ್ವಾ. ಅದು ಏರಿದ ದಿನ ರೀಡಿಂಗೂ ಏರುತ್ತದೆ. ಆ ಏರಿಕೆಯೇ ನನಗೆ ಮೊದಲು ಕಣ್ಣಿಗೆ ಬಿದ್ದದ್ದು. ಮುಚ್ಚಿದ ಚೇಂಬರಿನಲ್ಲಿ, ಉಷ್ಣತೆ, ತೇವಾಂಶ ಬದಲಾಗದೆ, ಬೋರ್ಡ್ ದಿನ ಕಳೆದಂತೆ ಇಳಿಯಬೇಕು, ಇಲ್ಲಾ ಹೆಚ್ಚುಕಮ್ಮಿ ಅಲ್ಲೇ ನಿಲ್ಲಬೇಕು. ಹತ್ತು ಮೈಕ್ರೋಗ್ರಾಂ ಮೇಲೆ ಜಿಗಿದರೆ ಹೊರಗಿನಿಂದ ಏನೋ ಒಳಗೆ ಬಂದಿದೆ ಅಂತಲೇ ಅನುಮಾನಿಸಬೇಕು.

ಗಾಳಿಗೂಡು ಅವರೇ, ಈಗ ಒಂದೊಂದು ಪಂಪನ್ನು 0.3ಕ್ಕೆ ಇಳಿಸಿ, 120 ನಿಮಿಷ ಎಳೆಯಿರಿ. ಅದೇ 36 ಲೀಟರ್ ಆಗುತ್ತದೆ, ಪೀಕ್ ಚಿಕ್ಕದಾಗಲ್ಲ. ಒಟ್ಟು 0.6 ಆದರೂ ಪೈಪಿನ ಬಾಯಿಂದ 0.23 ಹೊರಗೆ ಹೋಗುತ್ತಲೇ ಇರುತ್ತದೆ. ಎಲ್ಲ ಪಂಪಿನ ಮೊತ್ತ ಒಳಬರುವ ಗಾಳಿಯ ಶೇ. 80 ದಾಟದಂತೆ ನಾನು ನೋಡಿಕೊಳ್ಳುತ್ತೇನೆ. ಟೆನಾಕ್ಸನ್ನು ಅದೇ ಹೊತ್ತಿಗೆ ಹಾಕಬೇಡಿ. ಹಾಕಿದರೆ 0.7 ಆಗಿ ಆ ಗಡಿ ದಾಟುತ್ತದೆ.

ಬೆಳ್ಳಿ_ಬೀಕರ್:

ಒಂದು ಕಾರ್ಟ್ರಿಡ್ಜ್ ಹಾಕಿ ಕೈ ತೊಳೆದುಕೊಂಡರೆ ಆಗಲ್ವಾ?

ಶಿಖರ_ಲೆಕ್ಕ:

ಆಗುತ್ತದೆ. ಆದರೆ ಒಂದು ಕಾರ್ಟ್ರಿಡ್ಜ್ ಕೆಟ್ಟರೆ ಆ ದಿನದ ಡೇಟಾ ಹೋಯಿತು. ಮೂರನೇ ದಿನ, 28ನೇ ದಿನ ಅಂತ ಗೊತ್ತುಮಾಡಿದ ದಿನಕ್ಕೇ ಸ್ಯಾಂಪಲ್ ತೆಗೆಯಬೇಕಾದ ಟೆಸ್ಟಿನಲ್ಲಿ ಆ ದಿನ ವಾಪಸ್ ಬರಲ್ಲ. ಜೋಡಿ ಇರಲಿ.

ಹೊಸ_ಮನೆ_ಚಿಂತೆ:

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನು ಲ್ಯಾಬಿನವನಲ್ಲ. ಇಷ್ಟೆಲ್ಲ ಬದಲು ಕೈಯಲ್ಲಿ ಹಿಡಿಯುವ ಮೀಟರ್ ಬೋರ್ಡಿನ ಹತ್ತಿರ ಇಟ್ಟರೆ ಗೊತ್ತಾಗಲ್ವಾ?

ಮರ_ಮತ್ತು_ಅಂಟು:

ಅಗ್ಗದ ಮೀಟರುಗಳಲ್ಲಿ ಸಾಮಾನ್ಯವಾಗಿ ಮೆಟಲ್ ಆಕ್ಸೈಡ್ ಸೆನ್ಸರ್ ಇರುತ್ತದೆ. ಅದಕ್ಕೆ ಸ್ಯಾನಿಟೈಸರಿನ ಆಲ್ಕೋಹಾಲೂ ಒಂದೇ, ಪೇಂಟಿನ ವಾಸನೆಯೂ ಒಂದೇ. ಕಿಟಕಿ ತೆಗೆದಾಗ ಇಳಿಯಿತಾ, ಮುಚ್ಚಿದಾಗ ಏರಿತಾ ಅಂತ ನೋಡೋಕೆ ಸಾಕು. ಅದರ ನಂಬರನ್ನು ವಿಶ್ವ ಆರೋಗ್ಯ ಸಂಸ್ಥೆಯ ಘನ ಮೀಟರಿಗೆ 0.1 ಮಿಲಿಗ್ರಾಂ ಮಿತಿಯ ಪಕ್ಕ ಇಟ್ಟು ಗಾಬರಿ ಬೀಳಬೇಡಿ, ಸಮಾಧಾನವನ್ನೂ ಪಟ್ಟುಕೊಳ್ಳಬೇಡಿ. ಆ ಮಿತಿ ಫಾರ್ಮಾಲ್ಡಿಹೈಡಿಗೆ ಮಾತ್ರ, ಅದೂ 30 ನಿಮಿಷದ ಸರಾಸರಿ. ಬೇರೆ ಥ್ರೆಡ್ ಹಾಕಿ, ವಿವರವಾಗಿ ಮಾತಾಡೋಣ.

ಗಾಳಿಗೂಡು:

ಅಪ್‌ಡೇಟ್. 0.3ಕ್ಕೆ ಇಳಿಸಿ ಎಳೆದೆವು. 117 ಬಂತು. ಮರುದಿನ 115. ಅಸಿಟೋನ್ ಪೀಕ್ ಹೆಚ್ಚುಕಮ್ಮಿ ಬ್ಲ್ಯಾಂಕಿನ ಮಟ್ಟಕ್ಕೆ ಕುಗ್ಗಿದೆ. 120ರ ಆಸುಪಾಸು ಅಂದಿದ್ರಲ್ಲ ಸರ್, ನೋಡಿ ಖುಷಿಯಾಯಿತು.

ಹಿಂದಿನ ರೀಡಿಂಗ್ ಬಗ್ಗೆಯೂ ಕೂತು ಲೆಕ್ಕ ಹಾಕಿದೆ. 117ರ ಶೇ. 69 ಅಂದ್ರೆ 81. 84 ಬಂದ ದಿನ ರೂಮಿನಲ್ಲಿ 10ರಷ್ಟು ಇದ್ದಿರಬೇಕು, 94 ಬಂದ ದಿನ 42ರಷ್ಟು. ಆ ದಿನ ಇನ್ನೊಂದು ಟೆಸ್ಟಿಗಾಗಿ ಅಲ್ಲೇ ಬೋರ್ಡ್ ಕತ್ತರಿಸಿದ್ದರು, ಲಾಗ್ ಪುಸ್ತಕದಲ್ಲಿದೆ.

ಈಗ ಪ್ರಶ್ನೆ: ಇದೇ ಚೇಂಬರಿನಲ್ಲಿ ಮಾಡಿದ ಹಳೆಯ ಸ್ಯಾಂಪಲುಗಳಿವೆ. ಅವುಗಳನ್ನು ಇದೇ ಲೆಕ್ಕದಲ್ಲಿ ಗುಣಿಸಿ ಸರಿಮಾಡಬಹುದಾ?

ಶಿಖರ_ಲೆಕ್ಕ:

ಬೇಡ. ಆಯಾ ದಿನ ರೂಮಿನ ಗಾಳಿಯಲ್ಲಿ ಎಷ್ಟಿತ್ತು ಅಂತ ಯಾರೂ ಅಳೆದಿಲ್ಲ. ಈಗ ನೀವು ಕಂಡುಹಿಡಿದ 10 ಮತ್ತು 42 ಉತ್ತರ ಗೊತ್ತಾದ ಮೇಲೆ ಹಿಂದಕ್ಕೆ ಎಣಿಸಿದ್ದು. ಹಳೆಯವಕ್ಕೆ ಆ ಉತ್ತರವೇ ಇಲ್ಲ.

ಎರಡು ಕಾರ್ಟ್ರಿಡ್ಜ್ ಹಾಕಿದ ಫಾರ್ಮಾಲ್ಡಿಹೈಡ್ ಫಲಿತಾಂಶಗಳನ್ನೆಲ್ಲ ಪಕ್ಕಕ್ಕಿಡಿ. ಅದೇ ಕಾರ್ಟ್ರಿಡ್ಜಿನ ಅಸಿಟಾಲ್ಡಿಹೈಡ್ ಮತ್ತಿತರ ಕಾರ್ಬೊನಿಲ್ ಅಂಕಿಗಳೂ ಅದರ ಜೊತೆಗೇ ಹೋಗಬೇಕು. ಟೆನಾಕ್ಸಿನದ್ದು ಬೇರೆ ಹೊತ್ತಲ್ಲಿ ತೆಗೆದಿದ್ದರೆ ಉಳಿಸಿಕೊಳ್ಳಬಹುದು. ಮತ್ತೆ ಟೆಸ್ಟ್ ಮಾಡುವಾಗ ಹಳೆಯ ತುಂಡನ್ನೇ ಇಡಬೇಡಿ, ಅದು ಈಗಾಗಲೇ ಬಿಡುವಷ್ಟು ಬಿಟ್ಟಿರುತ್ತದೆ. ಸೀಲ್ ಒಡೆಯದ ಪ್ಯಾಕಿನಿಂದ ಹೊಸದನ್ನು ಕತ್ತರಿಸಿ, ಅದೂ ಚೇಂಬರ್ ಇಲ್ಲದ ರೂಮಿನಲ್ಲಿ. ಹೊರಹೋಗುವ ಪೈಪಿನ ಕೊನೆಗೆ ಒಂದು ಚಿಕ್ಕ ಫ್ಲೋ ಮೀಟರ್ ಕಾಯಂ ಆಗಿ ಕೂರಿಸಿಬಿಡಿ. ಸ್ಯಾಂಪಲ್ ತೆಗೆಯುವಾಗ ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ ಅದರ ರೀಡಿಂಗ್ ಬರೆಯಲು ಲಾಗ್ ಪುಸ್ತಕದಲ್ಲಿ ಒಂದು ಕಾಲಂ ಹಾಕಿ.

ಗಾಳಿಗೂಡು:

ಫ್ಲೋ ಮೀಟರ್ ಹಾಕಿಸುತ್ತೇನೆ. ಹೊಸ ಪ್ಯಾಕ್ ತರಿಸಲು ಹೇಳಿದ್ದೇನೆ. ಥ್ರೆಡ್‌ಗೆ ಪರಿಹಾರ ಸಿಕ್ಕಿದೆ ಅಂತ ಗುರುತು ಹಾಕುತ್ತಿದ್ದೇನೆ.