ಇಷ್ಟು ಮಳೆ ಬಿದ್ದರೂ ನಮ್ಮ ಗುಡ್ಡದ ತಲೆ ಮೇಲೆ ಸರೋವರ ಯಾಕಿಲ್ಲ?

ಹೊಸನಗರದವ
ಅಣ್ಣನ ಮಗ ಕಾಶ್ಮೀರದ ಗ್ರೇಟ್ ಲೇಕ್ಸ್ ಟ್ರೆಕ್ ಮುಗಿಸಿ ಬಂದು ಫೋಟೋ ತೋರಿಸಿದ. ವಿಷನ್‌ಸರ್, ಕೃಷನ್‌ಸರ್, ಗಡ್ಸರ್, ಗಂಗಾಬಲ್, ಒಂದಾದ ಮೇಲೊಂದು ನೀಲಿ ಸರೋವರ, ಎಲ್ಲವೂ 3,500 ಮೀಟರಿಗಿಂತ ಮೇಲೆ. ಆಗುಂಬೆಯಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 7,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಆದರೂ ಕೊಡಚಾದ್ರಿಯಲ್ಲಾಗಲಿ ಕುದುರೆಮುಖದಲ್ಲಾಗಲಿ ಅಂಥ ಒಂದೂ ಇಲ್ಲ. ಕಲ್ಲಿನ ಗುಣವಾ, ಎತ್ತರ ಸಾಲದಾ?

ಭೂಗೋಳದ ಮೇಷ್ಟ್ರು
ಮಳೆ ಲೆಕ್ಕ ಬಿಡಿ ಮಾರಾಯ್ರೇ. ನೀರು ನಿಲ್ಲಲು ತಗ್ಗು ಬೇಕು, ಸುತ್ತ ಅಂಚೂ ಬೇಕು. ಅಲ್ಲಿ ಆ ತಗ್ಗು ತೋಡಿದ್ದು ಹಿಮನದಿ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ಜೋರಾಗಿದ್ದಾಗ, ಹರ್ಮುಖ್ ಶಿಖರದ ಸುತ್ತಲಿನ ಕಣಿವೆಗಳಲ್ಲಿ ದಪ್ಪ ಮಂಜುಗಡ್ಡೆ ತುಂಬಿತ್ತು. ಅದು ಸುಮ್ನೆ ಕೂರುವುದಿಲ್ಲ, ನಿಧಾನವಾಗಿ ಜಾರುತ್ತದೆ, ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳಿಂದ ಬಂಡೆಯನ್ನು ಉಜ್ಜಿ ಉಜ್ಜಿ ಒರಳಿನ ಹಾಗೆ ಗುಂಡಿ ಮಾಡುತ್ತದೆ. ಹಿಂದಿನಿಂದ ಒತ್ತಡ ಇರುವುದರಿಂದ ಮಂಜುಗಡ್ಡೆ ಗುಂಡಿಯ ತಳದಿಂದ ಮೇಲಕ್ಕೇರಿ ಅಂಚು ದಾಟಬಲ್ಲದು. ಹರಿಯುವ ನೀರಿಗೆ ಅದು ಆಗದ ಕೆಲಸ. ಹಿಮ ಕರಗಿದ ಮೇಲೆ ಗುಂಡಿ ಉಳಿಯಿತು, ನೀರು ನಿಂತಿತು.

ನಮ್ಮಲ್ಲಿ ಉಲ್ಟಾ. ಮುಳ್ಳಯ್ಯನಗಿರಿ 1,900 ಮೀಟರ್ ಚಿಲ್ಲರೆ, ಅದೂ ಸಮಭಾಜಕಕ್ಕೆ ಇಷ್ಟು ಹತ್ತಿರ. ಹಿಮಯುಗದಲ್ಲೂ ಇಲ್ಲಿ ಹಿಮನದಿ ಇರಲಿಲ್ಲ. ಇಲ್ಲಿ ಕೆಲಸ ಮಾಡಿದ್ದೆಲ್ಲ ಮಳೆನೀರು. ಅದು ಎಲ್ಲಿ ತಗ್ಗು ಕಂಡರೂ ಅಂಚು ಕೊರೆದು ಹಳ್ಳ ಮಾಡಿಕೊಂಡು ಕೆಳಗಿಳಿಯುತ್ತದೆ. ಅಂದರೆ ಇಷ್ಟು ಮಳೆ ಬೀಳುವುದೇ ನಮ್ಮಲ್ಲಿ ಸರೋವರ ಇಲ್ಲದಿರುವುದಕ್ಕೆ ಒಂದು ಕಾರಣ.

ಸಾಗರದ ಸೊಸೆ
ಹಾಗಾದರೆ ಊಟಿ, ಕೊಡೈಕೆನಾಲ್? ಅವೂ ಬೆಟ್ಟದ ಮೇಲೇ ಇವೆ ಅಲ್ವಾ ಸಾರ್?

ಭೂಗೋಳದ ಮೇಷ್ಟ್ರು
ಎರಡೂ ಜನ ಕಟ್ಟಿಸಿದ್ದು ತಾಯಿ. ಊಟಿಯದ್ದು 1820ರ ದಶಕದಲ್ಲಿ ಕೊಯಮತ್ತೂರಿನ ಬ್ರಿಟಿಷ್ ಕಲೆಕ್ಟರ್ ಜಾನ್ ಸಲಿವನ್, ಕೊಡೈಕೆನಾಲಿನದ್ದು 1863ರಲ್ಲಿ. ಚಿಕ್ಕಮಗಳೂರಿನ ಹಿರೇಕೊಳಲೆಯೂ ಕಟ್ಟಿದ ಕೆರೆಯೇ. ವಯನಾಡಿನ ಚೆಂಬ್ರ ಬೆಟ್ಟದಲ್ಲಿ ಹೃದಯದ ಆಕಾರದ್ದೊಂದು ತನ್ನಷ್ಟಕ್ಕೆ ಆಗಿದೆ, ಆದರೆ ಅದನ್ನು ಹೊಂಡ ಅನ್ನಬೇಕು ಅಷ್ಟೇ.

ಬೆಟ್ಟ ಹತ್ತುವವ
ಮೇಷ್ಟ್ರು ಹೇಳಿದ್ದು ಸರಿ, ಆದರೆ ಹಿಮಾಲಯದ ಕಡೆಯ ಎಲ್ಲ ಸರೋವರಕ್ಕೂ ಇದೊಂದೇ ಕಥೆ ಅಲ್ಲ. ಲಡಾಖಿನ ಪ್ಯಾಂಗಾಂಗ್‌ನಿಂದ ನೀರು ಹೊರಗೆ ಹರಿಯುವುದೇ ಇಲ್ಲ, ಆವಿಯಾಗಿ ಮಾತ್ರ ಹೋಗುತ್ತದೆ, ಅದಕ್ಕೇ ಉಪ್ಪು. ವಿಷನ್‌ಸರ್‌ನಿಂದ ನೀರು ಹೊರಬಿದ್ದು ಕಿಶನ್‌ಗಂಗಾ ನದಿಯಾಗುತ್ತದೆ, ಹಾಗಾಗಿ ಸಿಹಿ.

ಇನ್ನೊಂದು ಮಾತು. ಎಷ್ಟೋ ಕಡೆ ನೀರು ತಡೆದಿರುವುದು ಗಟ್ಟಿ ಬಂಡೆಯಲ್ಲ, ಹಿಮನದಿ ತಳ್ಳಿ ತಂದು ರಾಶಿ ಹಾಕಿದ ಕಲ್ಲುಮಣ್ಣು. ಈಗ ಹಿಮ ಬೇಗ ಕರಗಿ ಅಂಥ ಸರೋವರಗಳು ದೊಡ್ಡದಾಗುತ್ತಿವೆ. ಸಿಕ್ಕಿಂನ ದಕ್ಷಿಣ ಲ್ಹೋನಕ್ 2023ರ ಅಕ್ಟೋಬರಿನಲ್ಲಿ ಒಡೆದು ಚುಂಗ್‌ತಾಂಗಿನ ತೀಸ್ತಾ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. ನಮ್ಮ ಲಿಂಗನಮಕ್ಕಿ ನೋಡಿಕೊಳ್ಳಲು ಇಂಜಿನಿಯರುಗಳಿದ್ದಾರೆ, ಆ ಒಡ್ಡುಗಳಿಗೆ ಯಾರಿದ್ದಾರೆ? ಫೋಟೋದಲ್ಲಿ ಇದೆಲ್ಲ ಕಾಣುವುದಿಲ್ಲ.

ಹೊಸನಗರದವ
ಚೆನ್ನಾಗಿ ಹೇಳಿದಿರಿ ಇಬ್ಬರೂ. ಹಾಗಾದರೆ ಬೇಸಿಗೆಯಲ್ಲೂ ನಮ್ಮ ಹಳ್ಳಗಳಿಗೆ ನೀರು ಎಲ್ಲಿಂದ? ಮತ್ತೆ, ಕಾಶ್ಮೀರದ ಆ ಸರೋವರಗಳಿಗೆ ಹೋಗುವುದಾದರೆ ಯಾವಾಗ?

ಭೂಗೋಳದ ಮೇಷ್ಟ್ರು
ನಮ್ಮ ನೀರು ಮಣ್ಣಿನೊಳಗಿದೆ. ಗುಡ್ಡದ ಹುಲ್ಲು, ಗುಡ್ಡಗಳ ಸಂದಿನಲ್ಲಿ ದಟ್ಟವಾಗಿ ಬೆಳೆಯುವ ಶೋಲಾ ಕಾಡು ಮಳೆಯನ್ನು ಕುಡಿದು ತಿಂಗಳುಗಟ್ಟಲೆ ಜಿನುಗಿಸುತ್ತವೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲದ ಕಡೆ ಹೋಗಿ ನೋಡಿ, ಸರೋವರ ಇಲ್ಲ, ಕಾಡಿದೆ. ಹುಲ್ಲುಗುಡ್ಡಕ್ಕೆ ಅಕೇಶಿಯಾ ನೆಟ್ಟವರಿಗೆ ಇದು ತಿಳಿದಿದ್ದರೆ ಚೆನ್ನಾಗಿತ್ತು.

ಬೆಟ್ಟ ಹತ್ತುವವ
ಜುಲೈಯಿಂದ ಸೆಪ್ಟೆಂಬರ್. ಪೀರ್ ಪಂಜಾಲ್ ಬೆಟ್ಟಸಾಲು ಅಡ್ಡ ಇರುವುದರಿಂದ ಅಲ್ಲಿ ಮುಂಗಾರಿನ ಕಾಟ ಕಡಿಮೆ. ಆದರೆ ಅಡಿಕೆ ತೋಟದವರಿಗೆ ಅದು ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯುವ ಸಮಯ. ಔಷಧಿ ಹೊಡೆಯುವವರನ್ನು ಮೊದಲು ಗೊತ್ತು ಮಾಡಿಕೊಂಡು ಆಮೇಲೆ ಟಿಕೆಟ್ ಮಾಡಿಸಿ.