‘ಚೆಸ್ಟ್ ಆಫ್ ಡ್ರಾಯರ್ಸ್’: ‘ಖಾನೆಪೆಟ್ಟಿಗೆ’ ಎಂದರೆ ಸಲ್ಲುತ್ತದೆಯೇ?

ಮಾನ್ಯರೆ,

ಅಮೆರಿಕದ ಹಳೆಯ ಮರಗೆಲಸವನ್ನು ಕುರಿತು ಕನ್ನಡದಲ್ಲಿ ಒಂದು ಲೇಖನ ಸಿದ್ಧಪಡಿಸುತ್ತಿದ್ದೇನೆ. ರೋಡ್ ಐಲೆಂಡ್‌ನ ನ್ಯೂಪೋರ್ಟ್ ಪಟ್ಟಣದ ಜಾನ್ ಟೌನ್‌ಸೆಂಡ್ 1765ರಲ್ಲಿ ಮಾಡಿದ, ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿರುವ ಮಹಾಗನಿ ಮರದ ‘ಚೆಸ್ಟ್ ಆಫ್ ಡ್ರಾಯರ್ಸ್’, ಎಂದರೆ ಹೊರಕ್ಕೆ ಎಳೆಯುವ ಖಾನೆಗಳನ್ನು ಒಂದರ ಮೇಲೊಂದು ಜೋಡಿಸಿದ ಪೀಠೋಪಕರಣ, ಅದರ ಮುಖ್ಯ ವಸ್ತು. ಇದಕ್ಕೂ ಇದರ ಕೆಲಸಗಾರಿಕೆಗೂ ಒಪ್ಪುವ ಮಾತುಗಳ ಬಗ್ಗೆ ತಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ.

‘ಬೀರು’, ‘ಕಪಾಟು’ ಎಂದೊಡನೆ ಬಾಗಿಲು ಕಣ್ಣಮುಂದೆ ಬರುತ್ತದೆ. ಇಲ್ಲಿ ಬಾಗಿಲೇ ಇಲ್ಲ. ‘ಪೆಟ್ಟಿಗೆ’ ಎಂದರೆ ಮುಚ್ಚಳದ ನೆನಪಾಗುತ್ತದೆ ಎಂದು ಕೆಲವರು ಆಕ್ಷೇಪಿಸಬಹುದು. ಆದರೆ ಈ ಪೀಠೋಪಕರಣದ ಮೂಲವೇ ಮುಚ್ಚಳದ ಪೆಟ್ಟಿಗೆ. ಮ್ಯಾಸಚೂಸೆಟ್ಸ್‌ನ ಹ್ಯಾಡ್ಲಿಯ ಸುತ್ತಮುತ್ತ 1700ರ ಆಸುಪಾಸಿನಲ್ಲಿ ಮಾಡುತ್ತಿದ್ದ ಪೆಟ್ಟಿಗೆಗಳಲ್ಲಿ ನಡುವಣ ರೂಪವನ್ನು ಇಂದಿಗೂ ಕಾಣಬಹುದು: ಮೇಲೆ ಮುಚ್ಚಳ ಎತ್ತಿ ಬಟ್ಟೆ ಇಡುವ ಆಳವಾದ ಜಾಗ, ಅದರ ಕೆಳಗೆ ಹೊರಕ್ಕೆ ಎಳೆಯುವ ಒಂದೋ ಎರಡೋ ಖಾನೆ. ತಳದಲ್ಲಿರುವುದನ್ನು ತೆಗೆಯಲು ಮೇಲಿನದನ್ನೆಲ್ಲ ಹೊರಹಾಕುವ ತೊಂದರೆ ಖಾನೆಗಳಿಗಿಲ್ಲವಾದ್ದರಿಂದ, ಪೆಟ್ಟಿಗೆ ಪೂರ್ತಿ ಖಾನೆಗಳದ್ದೇ ಆದಾಗ ಮುಚ್ಚಳಕ್ಕೆ ಕೆಲಸ ಉಳಿಯಲಿಲ್ಲ. ಹೀಗಾಗಿ ‘ಖಾನೆಪೆಟ್ಟಿಗೆ’ಯೇ ನನಗೆ ಸರಿಯೆನಿಸುತ್ತದೆ. ಲೆಕ್ಕಪುಸ್ತಕದ ಅಂಕಣಕ್ಕೂ ‘ಖಾನೆ’ ಎನ್ನುವುದುಂಟು, ನಿಜ. ಆದರೂ ‘ಮೇಜಿನ ಖಾನೆ’ ಎಂದರೆ ಯಾರೂ ತಪ್ಪಾಗಿ ತಿಳಿಯುವುದಿಲ್ಲ.

ಇದರ ಎತ್ತರದ ಪ್ರಕಾರವನ್ನು ಇಂದಿನವರು ‘ಹೈಬಾಯ್’ ಎನ್ನುತ್ತಾರೆ. ಅದು ಬಹಳ ಕಾಲದ ನಂತರ ರೂಢಿಗೆ ಬಂದ ಹೆಸರು. ಮಾಡಿದವರ ಕಾಲದಲ್ಲಿ ಅದು ಬರಿಯ ‘ಎತ್ತರದ ಖಾನೆಪೆಟ್ಟಿಗೆ’ಯೇ ಆಗಿತ್ತು. ‘ಎತ್ತರದ ಹುಡುಗ’ ಎಂದು ಯಾರೂ ಅನುವಾದಿಸದಿರಲಿ.

ನಿಜವಾಗಿ ತೊಡಕಾಗಿರುವುದು ಖಾನೆಯ ಹಲಗೆಗಳನ್ನು ಸೇರಿಸುವ ‘ಡವ್‌ಟೇಲ್’ ಎಂಬ ಕೂಡಿಕೆಯ ಹೆಸರು. ಖಾನೆಯನ್ನು ಎಳೆದಾಗಲೆಲ್ಲ ಮುಂಬದಿಯ ಹಲಗೆ ಪಕ್ಕದ ಹಲಗೆಗಳಿಂದ ಕಳಚಿಕೊಳ್ಳಲು ನೋಡುತ್ತದೆ. ಅದನ್ನು ತಡೆಯಲು ಪಕ್ಕದ ಹಲಗೆಯ ಅಂಚನ್ನು ಬುಡದಲ್ಲಿ ಕಿರಿದಾಗಿ, ತುದಿಯಲ್ಲಿ ಅಗಲವಾಗಿ ಇರುವ ಹಲ್ಲುಗಳಾಗಿ ಕೊಯ್ದು, ಮುಂಬದಿಯ ಹಲಗೆಯಲ್ಲಿ ಉಳಿಯಿಂದ ತೋಡಿದ ಅದೇ ಆಕಾರದ ಕಚ್ಚುಗಳಲ್ಲಿ ಕೂರಿಸುತ್ತಾರೆ. ಎಷ್ಟು ಎಳೆದರೂ ಅಗಲವಾದ ತುದಿ ಕಿರಿದಾದ ಬಾಯಿಯಿಂದ ಹೊರಬಾರದು. ಕಚ್ಚನ್ನು ಆಚೆಬದಿಯವರೆಗೆ ತೋಡದೆ ಬಿಡುವುದರಿಂದ ಮುಂದಿನಿಂದ ನೋಡಿದವರಿಗೆ ಮಹಾಗನಿಯ ಮುಖವಷ್ಟೇ ಕಾಣುತ್ತದೆ, ಕೂಡಿಕೆ ಕಾಣುವುದಿಲ್ಲ. ಕಾಲ ಗುರುತಿಸುವುದಕ್ಕೂ ಇದು ನೆರವಾಗುತ್ತದೆ. ಕೈಯಿಂದ ಕೊಯ್ದ ಹಲ್ಲುಗಳು ಒಂದರಂತೆ ಒಂದಿರುವುದಿಲ್ಲ. ದುಂಡನೆಯ ಅರ್ಧಚಂದ್ರಗಳ ನಡುವೆ ಗೂಟವಿರುವ ಯಂತ್ರದ ಕೂಡಿಕೆ ಕಂಡರೆ, ಆ ಖಾನೆ ಚಾರ್ಲ್ಸ್ ನ್ಯಾಪ್ 1867ರಲ್ಲಿ ಪೇಟೆಂಟ್ ಪಡೆದ ಮೇಲಿನದು.

‘ಪಾರಿವಾಳದ ಬಾಲದ ಕೂಡಿಕೆ’ ಎಂದರೆ ಓದುಗರಿಗೆ ಹಕ್ಕಿ ಕಾಣುತ್ತದೆಯೇ ಹೊರತು ಹಿಡಿತ ತಿಳಿಯುವುದಿಲ್ಲ. ಸದ್ಯಕ್ಕೆ ‘ಬೀಸಣಿಗೆ ಕಚ್ಚು’ ಎಂದು ಬರೆದಿದ್ದೇನೆ. ಆದರೆ ಇದು ನಾನು ಕಟ್ಟಿದ ಮಾತು, ಬಡಗಿಗಳ ಬಾಯಿಂದ ಬಂದದ್ದಲ್ಲ. ಮೈಸೂರು, ಮಲೆನಾಡು, ಕರಾವಳಿ, ಬೆಳಗಾವಿಯ ಕಡೆ ಮರಗೆಲಸದ ಮನೆತನಗಳನ್ನು ಬಲ್ಲವರು ಈ ಕೂಡಿಕೆಗೆ ಅಲ್ಲಿ ಬಳಕೆಯಲ್ಲಿರುವ ಹೆಸರನ್ನು, ಯಾವ ಊರಿನದೆಂಬ ವಿವರದೊಡನೆ, ದಯವಿಟ್ಟು ತಿಳಿಸಬೇಕು. ಮುಂಬದಿಗೆ ಕಾಣದ ಬಗೆಗೆ ಬೇರೆ ಹೆಸರಿದ್ದರೆ ಅದನ್ನೂ ಬರೆಯಬೇಕೆಂದು ಕೋರುತ್ತೇನೆ.