ಕಾರವಾರ: 200 ಎಂಬಿಪಿಎಸ್ ಇಂಟರ್ನೆಟ್ ಪ್ಲ್ಯಾನ್, ಮಹಡಿಯಲ್ಲಿ ಸಿಗೋದು 15. ರೂಟರ್ ಬದಲಿಸಬೇಕಾ?

ಪ್ರಶ್ನೆ (ಕೋಡಿಬಾಗ, ಕಾರವಾರ)

ಎಲ್ಲರಿಗೂ ನಮಸ್ಕಾರ. ಮನೆಗೆ ಫೈಬರ್ ಇಂಟರ್ನೆಟ್ ಇದೆ, 200 ಎಂಬಿಪಿಎಸ್ ಪ್ಲ್ಯಾನ್. ಮಹಡಿಯಲ್ಲಿ ಮೊಬೈಲಿಗೆ ಸಿಗೋದು 12, ಜಾಸ್ತಿ ಅಂದ್ರೆ 15. ಗಾಳಿಮಳೆ ಜೋರಾದ್ರೆ ವಿಡಿಯೊ ಕಾಲ್ ನಿಂತೇ ಹೋಗುತ್ತದೆ. ಮಗಳು ಮನೆಯಿಂದಲೇ ಕೆಲಸ ಮಾಡುವವಳು, ಮೀಟಿಂಗ್ ನಡುವೆ ಕಡಿದುಹೋದ್ರೆ ಬೈಸಿಕೊಳ್ಳೋದು ನಾನು.

ಮನೆಯ ಮುಂದಿನ ಭಾಗ ಹಳೇದು. ಚಿರೆಕಲ್ಲಿನ ಗೋಡೆ, ಹೆಂಚು. ಹಿಂದೆ ಸ್ಲ್ಯಾಬ್ ಹಾಕಿ ಮಹಡಿ ಏರಿಸಿದ್ದೇವೆ. ಫೈಬರ್ ಬಾಕ್ಸ್ ಜಗಲಿಯ ಕಿಟಕಿ ಪಕ್ಕ ಇದೆ. ಅಲ್ಲಿಂದ ಲ್ಯಾನ್ ವೈರ್ ಹೊರಗಡೆ ಸೂರಿನ ಕೆಳಗೆ ಹೋಗಿ ಮಹಡಿಯ ರೂಟರಿಗೆ ಸೇರುತ್ತದೆ. ಕಂಪನಿಯವರು ಬಂದು ಬಾಕ್ಸ್ ಆಫ್ ಮಾಡಿ ಆನ್ ಮಾಡಿ, "ಎಲ್ಲ ಸರಿ ಇದೆ ಸರ್" ಅಂತ ಹೇಳಿ ಹೋದರು. ಅಂಗಡಿಯವ ಎಕ್ಸ್‌ಟೆಂಡರ್ (ವೈಫೈ ಹಿಡಿದು ಮುಂದಕ್ಕೆ ಹರಡುವ ಪೆಟ್ಟಿಗೆ) ತಗೊಳ್ಳಿ ಅನ್ನುತ್ತಿದ್ದಾನೆ. ತಗೊಳ್ಳಲಾ?

ಉತ್ತರ (ಕುಮಟಾ)

ಈಗಲೇ ದುಡ್ಡು ಬಿಚ್ಚಬೇಡಿ ಮಾರಾಯ್ರೇ. ಮೊದಲು ತೊಂದರೆ ಮನೆಯೊಳಗಿದೆಯೋ ಹೊರಗಿನ ಲೈನಿನಲ್ಲಿದೆಯೋ ನೋಡಬೇಕು. ಮೊಬೈಲಿನಲ್ಲಿ ವೈಫೈ ಹಿಡಿದು ಮಾಡಿದ ಟೆಸ್ಟಿನಿಂದ ಅದು ಗೊತ್ತಾಗೋದಿಲ್ಲ. ಅದರಲ್ಲಿ ಲೈನ್, ಬಾಕ್ಸ್, ವೈರ್, ಗೋಡೆ, ಮೊಬೈಲ್ ಎಲ್ಲದರ ದೋಷವೂ ಸೇರಿರುತ್ತದೆ.

ಲ್ಯಾಪ್‌ಟಾಪನ್ನು ಜಗಲಿಗೆ ತನ್ನಿ. ಫೈಬರ್ ಬಾಕ್ಸಿಗೆ ಒಂದು ಒಳ್ಳೆ ಗಿಡ್ಡ ಲ್ಯಾನ್ ವೈರಿನಲ್ಲಿ ನೇರ ಜೋಡಿಸಿ. ಮಹಡಿಗೆ ಹೋಗುವ ವೈರ್ ಕಿತ್ತಿಡಿ, ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಟೆಸ್ಟ್ ಮಾಡಿ. ಆಮೇಲೆ ಅದೇ ಲ್ಯಾಪ್‌ಟಾಪನ್ನು ಮಹಡಿಯ ರೂಟರಿಗೆ ವೈರಿನಲ್ಲೇ ಹಾಕಿ ಮತ್ತೆ ಟೆಸ್ಟ್ ಮಾಡಿ. ಬೆಳಿಗ್ಗೆ ಒಂದ್ಸಲ, ರಾತ್ರಿ ಒಂಬತ್ತರ ಹೊತ್ತಿಗೆ ಒಂದ್ಸಲ.

ಇನ್ನೊಂದು, ಬಾಕ್ಸಿನ ಸೆಟ್ಟಿಂಗ್ ಪುಟ ತೆರೆಯಿರಿ. ಸಾಮಾನ್ಯವಾಗಿ 192.168.1.1, ಲಾಗಿನ್ ವಿವರ ಬಾಕ್ಸಿನ ಅಡಿಯ ಚೀಟಿಯಲ್ಲಿರುತ್ತದೆ. ಅಲ್ಲಿ ಆಪ್ಟಿಕಲ್ ಅಥವಾ ಪಾನ್ ಅಂತ ಇರುವ ಕಡೆ ಆರ್‌ಎಕ್ಸ್ ಪವರ್, ಅಂದ್ರೆ ಬಾಕ್ಸಿಗೆ ಬಂದು ಸೇರುವ ಬೆಳಕಿನ ಬಲ, ಎಷ್ಟಿದೆ ಬರೆಯಿರಿ. ಮೈನಸ್ ಅಂಕಿಯಲ್ಲಿರುತ್ತದೆ.

ಕೋಡಿಬಾಗ

ಮಾಡಿದೆ. ಜಗಲಿಯಲ್ಲಿ ವೈರ್ ಹಾಕಿದ್ರೆ ಬೆಳಿಗ್ಗೆ 195, ರಾತ್ರಿ 188. ಮಹಡಿಯ ರೂಟರಿಗೆ ವೈರ್ ಹಾಕಿದ್ರೆ ಯಾವಾಗ ನೋಡಿದ್ರೂ 94, ಅದರ ಮೇಲೆ ಹೋಗೋದೇ ಇಲ್ಲ. ಆರ್‌ಎಕ್ಸ್ ಪವರ್ -26.8 ಡಿಬಿಎಂ.

ಉತ್ತರ (ಕುಮಟಾ)

94 ಅಂದ ತಕ್ಷಣ ಅರ್ಧ ಕಥೆ ಗೊತ್ತಾಯ್ತು. ಬಾಕ್ಸ್ ಮತ್ತು ರೂಟರ್ ನಡುವಿನ ವೈರ್ 1000ದ ಬದಲು 100ರಲ್ಲಿ ಓಡುತ್ತಿದೆ. 100ರ ಜೋಡಣೆಯಲ್ಲಿ ಡೇಟಾದ ಜೊತೆ ಹೋಗುವ ವಿಳಾಸದಂಥ ಹೆಚ್ಚುವರಿ ಮಾಹಿತಿಯ ಪಾಲು ಕಳೆದು ಕೈಗೆ ಸಿಗೋದು ಸುಮಾರು 94. ನೀವು 500ರ ಪ್ಲ್ಯಾನ್ ತಗೊಂಡರೂ ಮಹಡಿಯಲ್ಲಿ ಅದೇ 94.

ಕಾರಣ ಎರಡರಲ್ಲಿ ಒಂದು. ರೂಟರಿನ ಪೋರ್ಟೇ 100ರದ್ದಾಗಿರಬಹುದು. ಅಗ್ಗದ ರೂಟರುಗಳಲ್ಲಿ ವೈಫೈ ವೇಗವನ್ನು ದೊಡ್ಡ ಅಕ್ಷರದಲ್ಲಿ ಹಾಕಿ, ಪೋರ್ಟ್ 10/100 ಅನ್ನೋದನ್ನು ಡಬ್ಬದ ಮೂಲೆಯಲ್ಲಿ ಬರೆದಿರುತ್ತಾರೆ. ಪೋರ್ಟ್ ಗಿಗಾಬಿಟ್ (1000) ಆಗಿದ್ದರೆ ತಪ್ಪು ವೈರಿನದು. ಲ್ಯಾನ್ ವೈರಿನಲ್ಲಿ ಎಂಟು ಎಳೆ, ನಾಲ್ಕು ಜೋಡಿ. 100ಕ್ಕೆ ಎರಡು ಜೋಡಿ ಸಾಕು. 1000ಕ್ಕೆ ನಾಲ್ಕೂ ಬೇಕು. ಆ ಹೆಚ್ಚುವರಿ ಎರಡು ಜೋಡಿಯಲ್ಲಿ ಒಂದೇ ಒಂದು ಎಳೆ ಕೈಕೊಟ್ಟರೂ ಎರಡು ಕಡೆಯ ಯಂತ್ರಗಳು ಸಾಮಾನ್ಯವಾಗಿ ಸದ್ದಿಲ್ಲದೆ 100ಕ್ಕೆ ಒಪ್ಪಿಕೊಳ್ಳುತ್ತವೆ. ದೀಪ ಹಸಿರಾಗೇ ಇರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರೋದಿಲ್ಲ.

ನಮ್ಮ ಕರಾವಳಿಯಲ್ಲಿ ಸೂರಿನ ಕೆಳಗೆ ಎಳೆದ ವೈರ್ ಅಂದ್ರೆ ನನಗೆ ಮೊದಲ ಅನುಮಾನ ತುದಿಯ ಕನೆಕ್ಟರಿನ ಮೇಲೆಯೇ. ಉಪ್ಪುಗಾಳಿ, ಮೇಲೆ ಮಳೆ. ಕಿತ್ತು ಬೆಳಕಿಗೆ ಹಿಡಿದು ನೋಡಿ, ಹಳದಿ ಹೊಳಪು ಇರಬೇಕಾದ ಪಿನ್ನಿನ ಮೇಲೆ ಹಸಿರು ಪುಡಿ ಕೂತಿರುತ್ತದೆ. ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಿ. ಎರಡೂ ತುದಿಯಲ್ಲಿ ಬಣ್ಣದ ಸಾಲು ಒಂದೇ ಇರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ವೈರ್ ಸುಲಿದಾಗ ಎಳೆ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಅದನ್ನು ರಿಪೇರಿ ಮಾಡುತ್ತಾ ಕೂರಬೇಡಿ. ಅಪ್ಪಟ ತಾಮ್ರದ ಹೊರಾಂಗಣ ಕ್ಯಾಟ್6 ವೈರ್ ಎಳೆಸಿ.

ಉತ್ತರ (ಶಿರಸಿ ಕಡೆಯ ತೋಟದ ಮನೆ)

ಕುಮಟಾದವರು ಹೇಳಿದ್ದು ಸರಿ. ಆದ್ರೆ ಮಳೆಯಲ್ಲಿ ಕಡಿಯೋದಕ್ಕೆ ಉತ್ತರ ಆ -26.8ರಲ್ಲಿದೆ ಅನಿಸುತ್ತದೆ. ಮನೆಗಳಲ್ಲಿರುವ ಸಾಮಾನ್ಯ ಜಿಪಾನ್ (ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ತಂತ್ರ) ಬಾಕ್ಸುಗಳಿಗೆ -27 ಅನ್ನೋದು ಕೊನೆಯ ಗೆರೆ. ನೀವು ಅಂಚಿನಲ್ಲೇ ನಿಂತಿದ್ದೀರಿ. ಇಲ್ಲಿ ಪ್ರತಿ 3 ಡಿಬಿ ಇಳಿದರೆ ಬೆಳಕು ಅರ್ಧವಾಗುತ್ತದೆ. -20 ಇರುವ ಮನೆಗೆ ಬರುವ ಬೆಳಕಿನ ಹೆಚ್ಚುಕಮ್ಮಿ ಐದರಲ್ಲಿ ಒಂದು ಪಾಲು ಮಾತ್ರ ನಿಮಗೆ ಬರುತ್ತಿದೆ. ಬೆಳಕು ಸಾಕಷ್ಟಿದ್ದಾಗ ಸ್ಪೀಡ್ ಕಮ್ಮಿಯಾಗೋದಿಲ್ಲ, ಅದಕ್ಕೇ ನಿಮಗೆ ಬೆಳಿಗ್ಗೆ 195 ಬಂತು. ಗೆರೆ ದಾಟಿದ್ರೆ ಮಾತ್ರ ಒಮ್ಮೆಲೇ ಎಡವುತ್ತದೆ.

ಗಾಜಿನ ಎಳೆಗೆ ಮಳೆಯಿಂದ ಏನೂ ಆಗೋದಿಲ್ಲ. ಆಗೋದು ಜಾಯಿಂಟ್ ಬಾಕ್ಸಿಗೆ ನೀರು ನುಗ್ಗಿದಾಗ, ಗಾಳಿಗೆ ಕೇಬಲ್ ಜಗ್ಗಿದಾಗ. ನಮ್ಮಲ್ಲಿ ಕೇಬಲ್ ತೋಟದ ಅಂಚಿನಲ್ಲೇ ಬಂದಿದೆ. ಒಂದು ಅಡಿಕೆ ಸೋಗೆ ಅದರ ಮೇಲೆ ಬಿದ್ದು ನೇತಾಡಿದ್ರೆ ಸಾಕು, -21 ಇದ್ದದ್ದು -28ಕ್ಕೆ ಹೋಗಿ ಕೆಂಪು ದೀಪ ಮಿನುಗುತ್ತದೆ.

ಕಂಪನಿಯವರನ್ನು ಕರೆಯುವ ಮೊದಲು ನಿಮ್ಮ ಕಿಟಕಿ ನೋಡಿ. ಆ ಸಪೂರ ಹಳದಿ ಅಥವಾ ಬಿಳಿ ಎಳೆ ಚೌಕಟ್ಟಿನ ಸಂದಿಯಲ್ಲಿ ಎಲ್ಲಾದರೂ ಮಡಚಿದೆಯಾ? ಬಳೆಗಿಂತ ಸಣ್ಣ ಸುತ್ತು ಬಂದ ಕಡೆ ಬೆಳಕು ಹೊರಗೆ ಸೋರುತ್ತದೆ. ಮೆಲ್ಲಗೆ ಬಿಡಿಸಿ. ಬಾಕ್ಸಿನ ಕಿಂಡಿಯ ಬಣ್ಣವೂ ಅದಕ್ಕೆ ಚುಚ್ಚಿದ ತುದಿಯ ಬಣ್ಣವೂ ಒಂದೇ ಇರಬೇಕು, ಹಸಿರು ಕಿಂಡಿಗೆ ನೀಲಿ ತುದಿ ಜೋಡಿಸಿದ್ದರೆ ಅದೂ ತಪ್ಪೇ. ಎರಡರ ಮೊನೆ ಕೊರೆದ ಕೋನ ಬೇರೆ. ತುದಿಯನ್ನು ಬೆರಳಲ್ಲಿ ಮುಟ್ಟಬೇಡಿ. ಕಣ್ಣ ಹತ್ತಿರ ಹಿಡಿದು ಇಣುಕಲೂಬೇಡಿ. ಬೆಳಕು ಕಾಣಿಸದಿದ್ದರೂ ಇರುತ್ತದೆ.

ಕೋಡಿಬಾಗ

ಕಿಟಕಿಯಲ್ಲೇ ಇತ್ತು! ಎಳೆ ಒಳಗೆ ಬರುವ ಕಡೆ ಬಾಗಿಲಿನ ತಿರುಗಣಿಯ ಹಿಂದೆ ಸಿಕ್ಕಿಕೊಂಡಿತ್ತು. ಗಾಳಿಗೆ ಬಾಗಿಲು ಆಡಿದ ಹಾಗೆಲ್ಲ ಒತ್ತುತ್ತಿತ್ತು. ಬಿಡಿಸಿ ಕ್ಲಿಪ್ ಹೊಡೆದೆ, ಈಗ -22.4. ಮೊನ್ನೆ ಸುರಿದ ಮಳೆಗೆ ಒಮ್ಮೆಯೂ ಕಡಿಯಲಿಲ್ಲ.

ಲ್ಯಾನ್ ವೈರಿನ ಜಗಲಿ ಕಡೆಯ ತುದಿ ಚೆನ್ನಾಗಿತ್ತು, ಮಹಡಿ ಕಡೆಯದರಲ್ಲಿ ಹೇಳಿದ ಹಾಗೇ ಹಸಿರು ಪುಡಿ. ಎರಡೂ ಕಡೆ ಹೊಸದು ಹಾಕಿಸಿದೆ, ಈಗ ವೈರಿನಲ್ಲಿ 190 ದಾಟುತ್ತದೆ. ಆದ್ರೆ ಮೊಬೈಲಿಗೆ ಮಹಡಿಯಲ್ಲೂ 30 ಅಷ್ಟೇ. ಕೆಳಗಿನ ಅಡುಗೆಮನೆಯಲ್ಲಿ ಮೊದಲಿನ ಹಾಗೇ.

ಉತ್ತರ (ಕುಮಟಾ)

ಈಗ ಉಳಿದದ್ದು ವೈಫೈ. ವೈಫೈಗೆ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ತರಂಗಪಟ್ಟಿ, ನಿಮ್ಮ ಮೊಬೈಲ್ 2.4 ಹಿಡಿದುಕೊಂಡಿದೆ. ರೂಟರಿನಲ್ಲಿ 5 ಗಿಗಾಹರ್ಟ್ಸಿಗೆ ಬೇರೆ ಹೆಸರು ಕೊಡಿ, ಮಹಡಿಯಲ್ಲಿ ಅದನ್ನೇ ಹಿಡಿಯಿರಿ, ಮಗಳ ಲ್ಯಾಪ್‌ಟಾಪಿಗಂತೂ ವೈರೇ ಹಾಕಿಬಿಡಿ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಗೋಡೆ ದಾಟುವ ತಾಕತ್ತು ಕಮ್ಮಿ. ಚಿರೆಕಲ್ಲಿನ ದಪ್ಪ ಗೋಡೆ ಎದುರಾದ್ರೆ ಮುಗೀತು. 2.4ಕ್ಕೆ ಚಾನೆಲ್ 1, 6 ಅಥವಾ 11, ಅಕ್ಕಪಕ್ಕದ ಮನೆಯವರು ಯಾವುದರಲ್ಲಿ ಕಮ್ಮಿ ಇದ್ದಾರೋ ಅದು.

ಅಡುಗೆಮನೆಗೆ ಎಕ್ಸ್‌ಟೆಂಡರ್ ನಾನಂತೂ ಹೇಳೋದಿಲ್ಲ. ಅಗ್ಗದವು ಕೇಳೋದೂ ಹೇಳೋದೂ ಒಂದೇ ರೇಡಿಯೊದಲ್ಲಿ, ವೇಗ ಅರ್ಧಕ್ಕೆ ಬರುತ್ತದೆ. ಹಳೇ ರೂಟರ್ ಮನೆಯಲ್ಲಿದ್ದರೆ ವೈರ್ ಎಳೆದು ಅದನ್ನೇ ಆಕ್ಸೆಸ್ ಪಾಯಿಂಟ್ ಮೋಡಿನಲ್ಲಿ (ವೈರಿನಲ್ಲಿ ಬಂದದ್ದನ್ನು ವೈಫೈ ಮಾಡಿ ಹರಡೋದಷ್ಟೇ ಅದರ ಕೆಲಸ) ಇಡಿ.

ಶಿರಸಿ ಕಡೆಯವರು

ಒಂದು ಮಾತು. ಲ್ಯಾನ್ ವೈರನ್ನು ಮನೆಯಿಂದ ಕೊಟ್ಟಿಗೆಗೋ ಔಟ್‌ಹೌಸಿಗೋ ಹೊರಗಿಂದ ಎಳೆಯುವವರು ಗುಡುಗು ಶುರುವಾಗೋ ಮೊದಲೇ ಎರಡೂ ತುದಿ ಕಿತ್ತಿಡಿ. ಏಪ್ರಿಲ್-ಮೇ ಸಿಡಿಲಿಗೆ ನಮ್ಮೂರಲ್ಲಿ ಸುಡೋದು ಹೆಚ್ಚಾಗಿ ಇಂಥ ಪೋರ್ಟುಗಳೇ.

ಪ್ರಶ್ನೆ (ಹೊನ್ನಾವರ)

ನಡುವೆ ಬಾಯಿ ಹಾಕ್ತಿದ್ದೇನೆ. ನಮ್ಮಲ್ಲಿ ಬಾಕ್ಸಿಗೆ ನೇರ ವೈರ್ ಹಾಕಿದ್ರೂ ಬೆಳಿಗ್ಗೆ 95, ರಾತ್ರಿ 20. ಪ್ಲ್ಯಾನ್ 100ರದ್ದು. ಪವರ್ -19.

ಉತ್ತರ (ಕುಮಟಾ)

ನಿಮ್ಮ ಮನೆಯೊಳಗೆ ಹುಡುಕುವಂಥದ್ದು ಏನೂ ಇಲ್ಲ. ಡೇಟಾ ಮಿತಿ ಮುಗಿದಿದ್ದರೆ ಹಗಲೂ ರಾತ್ರಿಯೂ ನಿಧಾನ ಇರುತ್ತಿತ್ತು. ರಾತ್ರಿ ಮಾತ್ರ ಅಂದ್ರೆ ಮುಂದೆ ಎಲ್ಲೋ ದಟ್ಟಣೆ. ಜಿಪಾನ್‌ನಲ್ಲಿ ಒಂದು ಪೋರ್ಟಿನ ಸುಮಾರು 2.5 ಗಿಗಾಬಿಟ್ಟನ್ನು ಹಲವು ಮನೆಗಳು ಹಂಚಿಕೊಳ್ಳುತ್ತವೆ, 32 ಅಥವಾ 64 ಇರೋದು ಮಾಮೂಲು. ಅದರಾಚೆ ಕಂಪನಿ ತಂದಿರುವ ಲೈನ್ ಸಣ್ಣದಿದ್ದರೂ ಹೀಗೇ. ಡಿಎನ್‌ಎಸ್ (ಜಾಲತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಬದಲಿಸಿ ಅಂತ ಯಾರಾದ್ರೂ ಹೇಳಿದ್ರೆ ಸುಮ್ನೆ ನಕ್ಕುಬಿಡಿ. ಅದರಿಂದ ಪುಟ ತೆರೆಯೋದು ಕೊಂಚ ಚುರುಕಾಗಬಹುದು, 20 ಹೋಗಿ 100 ಆಗೋದಿಲ್ಲ.

ವೈರಿನಲ್ಲಿ ಮಾಡಿದ ಟೆಸ್ಟುಗಳ ಚಿತ್ರ, ಸಮಯ ಕಾಣುವ ಹಾಗೆ ಇಟ್ಟುಕೊಳ್ಳಿ. ಲೈನ್‌ಮನ್‌ಗೆ ಫೋನ್ ಮಾಡಿ ಹೇಳಿದ್ದು ದೂರಿನ ಲೆಕ್ಕಕ್ಕೆ ಬರೋದಿಲ್ಲ. ಕಂಪನಿಯ ಗ್ರಾಹಕ ಸೇವೆಯಲ್ಲಿ ದೂರು ಕೊಟ್ಟು ಡಾಕೆಟ್ ನಂಬರ್ (ದೂರಿನ ಸಂಖ್ಯೆ) ತಗೊಳ್ಳಿ. ಸರಿಹೋಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2012ರ ನಿಯಮದಲ್ಲಿ ಈ ಎರಡು ಹಂತದ ವ್ಯವಸ್ಥೆ ಇದೆ. ಅಲ್ಲಿ ಮೊದಲು ಕೇಳೋದು ಆ ಡಾಕೆಟ್ ನಂಬರನ್ನೇ.